ಅವ್ವನಿಂದ ಬಂದದ್ದು

ಮೊನ್ನೆ ನಮ್ಮ ಮನೆಯ ಮಹಡಿಗೆ ಕಲಬುರಗಿ ಕಡೆಯವರೊಬ್ಬರು ಬಾಡಿಗೆಗೆ ಬಂದರು. ಸಾಮಾನು ಬಿಚ್ಚಿ ಮುಗಿಯುವ ಮೊದಲೇ ಅವರ ಅಡುಗೆಮನೆಯಿಂದ ಪುಂಡಿಪಲ್ಯ ಬೇಯುವ ವಾಸನೆ ಇಳಿದು ಬಂತು. ಹುಳಿ ಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಮೈಸೂರಿನಲ್ಲಿ ಯಾರು ಆ ಸೊಪ್ಪನ್ನು ಬೇಯಿಸುತ್ತಾರೆ? ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟು ನಾನೂ ಅಲ್ಲೇ ಕೂತುಬಿಟ್ಟೆ. ಎಪ್ಪತ್ತು ದಾಟಿದ ಹೆಂಗಸಿಗೆ ಸೊಪ್ಪಿನ ವಾಸನೆಗೆಲ್ಲ ಅಳು ಬರಬಾರದು. ಬಂತು, ಏನು ಮಾಡೋಣ.

ಎಂಬತ್ಮೂರನೆಯ ಇಸವಿಯಲ್ಲಿ ನನಗೆ ಸೇಡಂಗೆ ವರ್ಗವಾಯಿತು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ಕೆಲಸ. ನಾನು ನಂಜನಗೂಡಿನವಳು. ಮದುವೆಯ ವಯಸ್ಸು ದಾಟಿ, ಮದುವೆಯ ಮಾತೂ ದಾಟಿ, ಮನೆಯಲ್ಲಿ ಎಲ್ಲರೂ ನನ್ನ ಮುಂದೆ ಹುಷಾರಾಗಿ ಮಾತಾಡತೊಡಗಿದ್ದ ಕಾಲ. ವಾಡಿಯಲ್ಲಿ ರೈಲು ಬದಲಿಸಿ, ಬಿಸಿಲಿಗೆ ಕಾದ ಡಬ್ಬಿಯಲ್ಲಿ ಟ್ರಂಕಿನ ಮೇಲೆ ಕೂತು, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದಾಗ ನನ್ನನ್ನು ಕರೆದುಕೊಂಡು ಹೋಗಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಬರಬೇಕೆಂದು ಯಾರಿಗೂ ಹೇಳಿರಲಿಲ್ಲ, ಅದು ಬೇರೆ ಮಾತು. ಆದರೂ ಪ್ಲಾಟ್‌ಫಾರಂ ಮೇಲೆ ನಿಂತು ಅತ್ತಿತ್ತ ನೋಡಿದೆ.

ನನ್ನ ಭಾಷೆಗೆ ಅಲ್ಲಿ ನಗುತ್ತಿದ್ದರು. ‘ಬನ್ನಿ, ಕೂತ್ಕೊಳ್ಳಿ’ ಅಂದರೆ ಹುಡುಗಿಯರು ಸೆರಗು ಬಾಯಿಗೆ ಇಟ್ಟುಕೊಳ್ಳುತ್ತಿದ್ದರು. ಕ್ಲಾಸಿನಲ್ಲಿ ಗಂಟೆಗಟ್ಟಲೆ ಮಾತಾಡುವವಳು ನಾನು, ಆಚೆ ಬಂದರೆ ಮಾತಿಗೆ ಜನವಿಲ್ಲ. ಭಾನುವಾರವಂತೂ ಬೆಳಗಿನಿಂದ ಸಂಜೆಯವರೆಗೆ ಬಾಯಿಯಿಂದ ಒಂದು ಶಬ್ದ ಹೊರಡದೆ ಹೋಗಿ, ನನ್ನ ಗಂಟಲು ಇದೆಯೋ ಇಲ್ಲವೋ ನೋಡೋಣವೆಂದು ಒಬ್ಬಳೇ ಮಗ್ಗಿ ಒಪ್ಪಿಸಿದ್ದುಂಟು.

ನಾನು ಬಾಡಿಗೆಗಿದ್ದದ್ದು ಗುರಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ. ಆ ಮನೆಯಲ್ಲಿ ಅವರನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಮಗ, ಸೊಸೆ, ಹಾಲಿನವನು, ಎದುರು ಮನೆಯವರು, ಎಲ್ಲರಿಗೂ ಅವರು ‘ಅವ್ವ’. ಗೋಡೆಯ ಮೇಲೆ ತಲೆಗೆ ಪಟಗಾ ಸುತ್ತಿದ ಅವರ ಯಜಮಾನರ ಫೋಟೊ ಇತ್ತು, ಅವರು ‘ಅಪ್ಪ’. ಮಗ ಶರಣಪ್ಪ ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರಕ್ಕೆಂದು ಶಹಾಬಾದಿಗೂ ಮನೆಗೂ ಓಡಾಡಿಕೊಂಡಿದ್ದ. ಅವನ ಹೆಂಡತಿ ಮಹಾದೇವಿ ಅವನ ಸ್ವಂತ ಅಕ್ಕನ ಮಗಳು. ಹಾಗಾಗಿ ಅವ್ವನಿಗೆ ಸೊಸೆಯೂ ಅವಳೇ, ಮೊಮ್ಮಗಳೂ ಅವಳೇ. ಅಕ್ಕ ಇದ್ದದ್ದು ಹತ್ತಿರದ ಆಡಕಿಯಲ್ಲಿ.

“ಹೊರಗಿನಾಕಿ ತಂದ್ರ ಆಕಿ ನಮ್ಮನ್ನ ತಿಳ್ಕೊಳ್ಳಾಕ ಹತ್ತು ವರ್ಷ ಬೇಕರಿ,” ಅನ್ನುತ್ತಿದ್ದರು ಅವ್ವ. “ಕಳ್ಳುಬಳ್ಳಿ, ರಕ್ತಸಂಬಂಧ ಬಿಟ್ಟು ಹೋಗಬಾರದು. ಈಕಿ ನನ್ನ ಮಡಿಲಾಗೇ ಬೆಳದಾಕಿ.”

ನಾನು ಬಂದ ವಾರವೇ ಮಹಾದೇವಿ ತವರಿನಿಂದ ತೊಟ್ಟಿಲ ಸಮೇತ ಬಂದಳು. ಬಾಣಂತನ ಮುಗಿಸಿ ಐದು ತಿಂಗಳ ಹೆಣ್ಣುಕೂಸನ್ನು ಕರೆತಂದಿದ್ದಳು. ಹೆಸರು ನೀಲಾ. ಕೆನ್ನೆ ಹಿಂಡಿದರೆ ರಕ್ತ ಚಿಮ್ಮುವಂತಿದ್ದ ದುಂಡು ಕೂಸು. ಇದಕ್ಕೆ ಮುಂಚೆ ಒಂದು ಗಂಡುಕೂಸು ಹುಟ್ಟಿ, ಬಿಳಿಚಿಕೊಂಡು ಹೊಟ್ಟೆ ಊದಿ, ಎರಡು ವರ್ಷ ತುಂಬುವ ಮೊದಲೇ ಹೋಗಿತ್ತು. ಅದಕ್ಕೇ ನೀಲಾಳನ್ನು ಅವ್ವ ನೆಲಕ್ಕೆ ಬಿಡುತ್ತಿರಲಿಲ್ಲ. ಸೊಂಟದ ಮೇಲೆ ಕೂಸು, ಕೈಯಲ್ಲಿ ಕೆಲಸ. ಹಾಗೇ ನನ್ನ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

“ಅಕ್ಕೋರ, ಒಬ್ರೇ ಗ್ವಾಡಿ ನೋಡ್ಕೋತ ಏನು ಕುಂತೀರಿ? ಒಳಗ ಬರ್ರಿ. ಬಿಸಿ ರೊಟ್ಟಿ ಅದಾವ, ಪುಂಡಿಪಲ್ಯ ಅದ. ನಿಮ್ಮ ಕಡಿ ಮಂದಿ ಅನ್ನಾ ಒಂದೇ ತಿಂತೀರೇನು? ಅದಕ್ಕಽ ಹಿಂಗ ಕಡ್ಡಿ ಆಗೀರಿ!”

ಪಾಠ ಹೇಳುವ ಹೆಂಗಸಿಗೆ ಅಲ್ಲಿ ‘ಅಕ್ಕೋರು’ ಅನ್ನುತ್ತಿದ್ದರು. ಬೈಗುಳವೋ ಪ್ರೀತಿಯೋ ತಿಳಿಯದೆ ನಾನು ಎದ್ದು ಹೋಗುತ್ತಿದ್ದೆ. ಆ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುವ ಸಂಜೆಗಾಗಿ ನಾನು ದಿನವಿಡೀ ಕಾಯುತ್ತಿದ್ದೆ ಅಂತ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಅಲ್ಲೇ ನಾನು ‘ಹಸನ ಮಾಡೋದು’ ಅನ್ನುವ ಮಾತು ಕಲಿತೆ. ಜೋಳವೋ ತೊಗರಿಯೋ, ಮೊರಕ್ಕೆ ಹಾಕಿ ಕಲ್ಲು, ಕಡ್ಡಿ, ಹುಳುಕು ಕಾಳು ತೆಗೆದು ಚೊಕ್ಕಟ ಮಾಡುವುದಕ್ಕೆ ಅಲ್ಲಿಯವರು ಹಾಗನ್ನುತ್ತಾರೆ.

ಆ ಮಾತು ನನಗೆ ಕ್ಲಾಸಿನಲ್ಲಿ ಒದಗಿತು. ವಂಶವಾಹಿಗಳ ಪಾಠ ನಡೆದಿತ್ತು. ಚಿತ್ತಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತ.

“ಮೇಡಂ, ಮೈಯಾಗಿನ ಎಲ್ಲಾ ಜೀವಕೋಶದಾಗೂ ಎಲ್ಲಾ ವಂಶವಾಹಿ ಅದಾವ ಅಂತೀರಿ. ಹಂಗಿದ್ರ ಕಣ್ಣಾಗ ಯಾಕ ಉಗುರು ಬೆಳ್ಯಾಂಗಿಲ್ರಿ?”

ಕ್ಲಾಸೆಲ್ಲ ಹೋ ಎಂದು ನಕ್ಕಿತು. ನನಗೆ ಅವನನ್ನು ಎತ್ತಿ ಮುದ್ದಾಡುವಷ್ಟು ಸಂತೋಷ. ನಿಮ್ಮೂರಿನಲ್ಲಿ ಕಾಳು ತುಂಬಿಡುವ ಹಗೇವುಗಳಿವೆಯಲ್ಲ, ಎಲ್ಲವನ್ನೂ ಒಂದೇ ದಿನ ತೆರೆಯುತ್ತಾರೆಯೇ ಅಂತ ಕೇಳಿದೆ. ಬೇಕಾದ್ದನ್ನು ಬೇಕಾದಾಗ ತೆರೆಯುತ್ತಾರೆ, ಮಿಕ್ಕವು ಮುಚ್ಚಿರುತ್ತವೆ. ಜೀವಕೋಶವೂ ಹಾಗೇ. ಉಗುರಿನ ವಂಶವಾಹಿ ಕಣ್ಣಿನಲ್ಲೂ ಇದೆ, ಮುಚ್ಚಿಕೊಂಡು ಕೂತಿದೆ. ರಕ್ತಕ್ಕೆ ಕೆಂಪು ಕೊಡುವ ವಂಶವಾಹಿ ಮೂಳೆಯ ಮಜ್ಜೆಯಲ್ಲಿ ತೆರೆದಿರುತ್ತದೆ, ಚರ್ಮದಲ್ಲಿ ಮುಚ್ಚಿರುತ್ತದೆ. ಆದರೆ ಕಾಳಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಇಲ್ಲಿ ಮೂಲವನ್ನು ಹೊರಗೆ ತೆಗೆಯುವುದಿಲ್ಲ. ಅದು ಕೋಶಕೇಂದ್ರದೊಳಗೇ ಇರುತ್ತದೆ. ಅದರದೊಂದು ಪ್ರತಿ ತಯಾರಾಗುತ್ತದೆ, ಅದೇ ಆರ್‌ಎನ್‌ಎ. ಆ ಪ್ರತಿಯಲ್ಲಿ ನಡುನಡುವೆ ಕೆಲಸಕ್ಕೆ ಬಾರದ ತುಂಡುಗಳಿರುತ್ತವೆ. ಕೋಶ ಅವನ್ನು ಕತ್ತರಿಸಿ, ಉಳಿದದ್ದನ್ನು ಒಂದಕ್ಕೊಂದು ಬೆಸೆದು, ಆಮೇಲೆ ಹೊರಗೆ ಕಳಿಸುತ್ತದೆ.

“ಅಂದ್ರ ಹಸನ ಮಾಡ್ತದಂತರಿ,” ಅಂದಳು ಮುಂದಿನ ಬೆಂಚಿನ ಹುಡುಗಿ.

“ಹೂಂ, ಹಸನ ಮಾಡ್ತದ,” ಅಂದೆ ನಾನು. ನನ್ನ ಬಾಯಲ್ಲಿ ಅವರ ಮಾತು ಕೇಳಿ ಮತ್ತೆ ನಕ್ಕರು. ಈ ಸಲದ ನಗು ಚುಚ್ಚಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ನೀಲಾ ಬಿಳಿಚತೊಡಗಿದಳು. ತುಟಿಯ ಬಣ್ಣ ಹೋಯಿತು, ಅಂಗೈ ಕಾಗದದ ಹಾಗಾಯಿತು. ಅಷ್ಟೇ ಸಾಕಾಯಿತು, ಮಾತಿಗೆ ಮಾತು ಬೆಳೆಯಿತು. ಆಡಕಿಯಿಂದ ನೋಡಲು ಬಂದ ಮಹಾದೇವಿಯ ತಾಯಿ, “ನಮ್ಮಲ್ಲಿದ್ದಾಗ ಕೂಸು ಹ್ಯಾಂಗಿತ್ತು! ಸೇಡಂ ನೀರು ಕುಡದು ಹಿಂಗಾತು,” ಅಂದರು. ಅವ್ವ ಸುಮ್ಮನಿದ್ದಾರೆಯೇ? “ನನ್ನ ಮನಿ ನೀರಾಗ ವಿಷ ಅದೇನು? ಅದಽ ನೀರು ಕುಡದು ನೀ ದೊಡ್ಡಾಕಿ ಆಗಿಲ್ಲೇನು?” ಎಂದು ಮಗಳ ಬಾಯಿ ಮುಚ್ಚಿಸಿದರು. ಎದುರು ಮನೆಯಾಕೆ ಇನ್ನೊಂದು ಹೆಜ್ಜೆ ಮುಂದೆ ಹೋದಳು. ನಾನು ಕೋಣೆಯೊಳಗಿದ್ದೇನೆಂದು ಗೊತ್ತಿದ್ದೂ, “ಅಕ್ಕೋರು ಬಂದ ವಾರನೇ ಕೂಸೂ ಬಂತು ನೋಡ್ರಿ. ಮಕ್ಕಳಿಲ್ಲದವರ ಕಣ್ಣು...” ಎಂದು ರಾಗ ಎಳೆದಳು.

“ಏ, ಬಾಯಿ ತೊಳ್ಕೊಂಡು ಬಾ!” ಅವ್ವನ ದನಿ ಬೀದಿಗೆ ಕೇಳಿತು. “ನನ್ನ ಮನ್ಯಾಗಿನ ಮಂದೀಗಿ ಅನ್ನಾಕ ನೀ ಯಾರು?”

ನನ್ನ ಮನೆಯ ಮಂದಿ! ನಾನು ಕದದ ಹಿಂದೆ ನಿಂತು ಕಣ್ಣೊರೆಸಿಕೊಂಡೆ. ಆ ಹೆಂಗಸಿಗಾಗಿ ನಾನು ಆ ಹೊತ್ತು ಏನು ಬೇಕಾದರೂ ಮಾಡುತ್ತಿದ್ದೆ.

ಚಳಿಗಾಲದ ರಜೆಯಲ್ಲಿ ಕೂಸನ್ನು ಹೈದರಾಬಾದಿಗೆ ಒಯ್ದೆವು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ತಿಳಿಸಲು ನಾನೂ ಬೇಕೆಂದು ಶರಣಪ್ಪ ಕೈಮುಗಿದಿದ್ದ. ರಕ್ತ ಪರೀಕ್ಷೆಯಾಯಿತು. ಥಲಸ್ಸೀಮಿಯಾ ಅಂದರು. ಮೈಯಲ್ಲಿ ಸರಿಯಾದ ಕೆಂಪುರಕ್ತ ತಯಾರಾಗುವುದಿಲ್ಲ, ಮತ್ತೆ ಮತ್ತೆ ಬೇರೆಯವರ ರಕ್ತ ಕೊಡುತ್ತಿರಬೇಕು, ತಂದೆತಾಯಿ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಹೀಗಾಗುತ್ತದೆ. ಆಸ್ಪತ್ರೆಯ ವರಾಂಡದಲ್ಲಿ ಶರಣಪ್ಪನಿಗೆ ಅಷ್ಟನ್ನೂ ಹೇಳಿದೆ. ಅವನು ತಲೆಯಾಡಿಸಿದ. ಆದರೆ ಮನೆಗೆ ಬಂದು ತಾಯಿಗೆ ಹೇಳುವಾಗ, “ಹುಟ್ಟಿನಿಂದನ ಬಂದ ರೋಗಂತವ್ವ,” ಅಂದ. ಅಷ್ಟೇ ಉಳಿದಿತ್ತು.

ಮುಂದಿನ ಭಾನುವಾರ ಗುಲ್ಬರ್ಗಾಕ್ಕೆ ಹೋಗಿ ಒಂದು ಲೈಬ್ರರಿಯಲ್ಲಿ ಕೂತು ಹೊಸ ವಿಜ್ಞಾನ ಪತ್ರಿಕೆಗಳನ್ನು ಹುಡುಕಿದೆ. ತಾಯಿಯ ಹೊಟ್ಟೆಯಲ್ಲಿರುವಾಗ ಕೂಸಿನ ರಕ್ತಕ್ಕೆ ಒಂದು ವಂಶವಾಹಿ ಕೆಲಸ ಮಾಡುತ್ತದೆ. ಹುಟ್ಟಿದ ಮೇಲೆ ಕೋಶ ಅದನ್ನು ಮೆಲ್ಲಗೆ ಮುಚ್ಚುತ್ತ ಬೇರೊಂದನ್ನು ತೆರೆಯುತ್ತದೆ. ಆರು ತಿಂಗಳ ಹೊತ್ತಿಗೆ ಬದಲಾವಣೆ ಹೆಚ್ಚುಕಮ್ಮಿ ಮುಗಿದಿರುತ್ತದೆ. ಓದುತ್ತ ಓದುತ್ತ ಬೆರಳು ಮಡಚಿ ತಿಂಗಳು ಎಣಿಸಿದೆ. ತವರಿನಲ್ಲಿ ಕೂಸು ಗುಂಡಗಿದ್ದದ್ದು ಮೊದಲನೆಯದರಿಂದ. ತೊಟ್ಟಿಲು ಸೇಡಂಗೆ ಬರುವ ಹೊತ್ತಿಗೆ ಎರಡನೆಯದರ ಸರದಿ. ಕೆಟ್ಟಿದ್ದದ್ದು ಆ ಎರಡನೆಯದು. ಆಡಕಿ ನೀರೂ ಅಲ್ಲ, ಸೇಡಂ ನೀರೂ ಅಲ್ಲ, ನನ್ನ ಕಣ್ಣೂ ಅಲ್ಲ.

ಇನ್ನೊಂದು ವಿಷಯವೂ ಅಲ್ಲಿತ್ತು. ಈ ರೋಗದ ಕೆಲವು ಮನೆತನಗಳಲ್ಲಿ ವಂಶವಾಹಿ ಕಾಣೆಯಾಗಿರುವುದಿಲ್ಲವಂತೆ. ಪೂರ್ತಿ ಇರುತ್ತದೆ, ಪ್ರತಿಯೂ ತಯಾರಾಗುತ್ತದೆ. ಅದರ ಬರವಣಿಗೆಯಲ್ಲಿ ಒಂದಕ್ಷರ ಬದಲಾಗಿರುವುದರಿಂದ ಹಸನು ಮಾಡುವಾಗ ಕತ್ತರಿ ತಪ್ಪು ಜಾಗಕ್ಕೆ ಬೀಳುತ್ತದೆ. ಬೇಡದ್ದು ಉಳಿಯುತ್ತದೆ, ಇಲ್ಲವೇ ಬೇಕಾದದ್ದು ಹೋಗುತ್ತದೆ. ನೀಲಾಳ ರಕ್ತದಲ್ಲಿದ್ದದ್ದು ಇದೇ ತಪ್ಪೋ ಮತ್ತೊಂದೋ, ಅಂದಿನ ದಿನಗಳಲ್ಲಿ ನಮಗೆ ತಿಳಿಯುವ ದಾರಿಯಿರಲಿಲ್ಲ. ಆದರೂ ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಇಡೀ ಮನೆಯಷ್ಟು ದುಃಖಕ್ಕೆ ಅಷ್ಟು ಸಣ್ಣ ಕಾರಣ ಸಾಕು ಅನ್ನುವುದನ್ನು ನನಗೆ ಸಹಿಸಲಾಗಲಿಲ್ಲ.

ಸಂಜೆ ಸೇಡಂಗೆ ಮರಳಿದಾಗ ಅಂಗಳದಲ್ಲಿ ಆಡಕಿಯವರು ಕೂತಿದ್ದರು. ಮಾತು ಆಗಿಹೋಗಿತ್ತು. ಮಹಾದೇವಿಯ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಉಳಿಯುವುದಿಲ್ಲ, ಆದ್ದರಿಂದ ಅವಳ ತಂಗಿ ಸುವರ್ಣಾಳನ್ನೂ ಶರಣಪ್ಪನಿಗೆ ಕೊಡುವುದು. ಉಗಾದಿಯಾದ ಮೇಲೆ ಲಗ್ನ. ಯಾರ ಮೇಲೂ ಜುಲುಮೆಯಿರಲಿಲ್ಲ. ಮಹಾದೇವಿಯೇ ಮುಂದೆ ನಿಂತು ಒಪ್ಪಿಕೊಂಡಿದ್ದಳು. ಸುವರ್ಣಾ ಕಂಬದ ಹಿಂದೆ ನಿಂತು ನಾಚುತ್ತಿದ್ದಳು. ಎಲ್ಲರೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ಮಾಡುತ್ತಿದ್ದ ಕೆಲಸ ಅದು. ಇಬ್ಬರಿಗೂ ತಾಯಿ ಒಬ್ಬಳೇ, ಅಕ್ಕನ ರಕ್ತದಲ್ಲಿರುವುದು ತಂಗಿಯ ರಕ್ತದಲ್ಲೂ ಇರಬಹುದು ಎಂದು ಗೊತ್ತಿದ್ದವಳು ನಾನೊಬ್ಬಳೇ.

ಹೇಳಲೋ ಬೇಡವೋ ಎಂದು ಒದ್ದಾಡಿಬಿಟ್ಟೆ. ಹೇಳಿದರೆ ಆ ಒಲೆಯ ಮುಂದಿನ ಜಾಗ ಹೋಗುತ್ತದೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಹೇಳದಿದ್ದರೆ ಆ ನಾಚುವ ಹುಡುಗಿ ಒಂದು ದಿನ ಬಿಳಿಚಿದ ಕೂಸನ್ನು ಎತ್ತಿಕೊಂಡು ಹೈದರಾಬಾದಿನ ರೈಲು ಹತ್ತಬೇಕಾಗಬಹುದು. ಕಡೆಗೆ ಒಂದು ಮಧ್ಯಾಹ್ನ ಒಳಗೆ ಹೋದೆ. ಅವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು, ತೊಡೆಯ ಮೇಲೆ ನೀಲಾ. ಶರಣಪ್ಪ ಚಹಾ ಕುಡಿಯುತ್ತಿದ್ದ. ಮಹಾದೇವಿ ಒಲೆಯ ಹತ್ತಿರವಿದ್ದಳು.

“ಸುವರ್ಣಾನ್ನ ತರಬೇಡಿ ಶರಣಪ್ಪನವರೇ,” ಅಂದೆ. “ಇದು ಮಹಾದೇವಿಯೊಬ್ಬಳಿಂದ ಆದದ್ದಲ್ಲ. ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ ಬಂದಿದೆ. ಎರಡು ಅರ್ಧ ಕೂಡಿದ್ದಕ್ಕೇ ಕೂಸಿಗೆ ಹೀಗೆ. ಒಂದೇ ಅರ್ಧ ಇದ್ದವರು ಗಟ್ಟಿಮುಟ್ಟಾಗೇ ಇರ್ತಾರೆ, ಗೊತ್ತೂ ಆಗೋದಿಲ್ಲ.”

ನಮ್ಮ ಕಡೆಯ ಮಾತಿನಲ್ಲಿ ‘ಅಮ್ಮ’ ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಅವರಿಗೆ ತಿಳಿಯಲೆಂದು ಅವರ ಮಾತು ಆಡಲು ಹೋಗಿದ್ದೆ. ಆ ಮನೆಯಲ್ಲಿ ಅವ್ವ ಅಂದರೆ ಒಬ್ಬರೇ, ಅಪ್ಪ ಅಂದರೆ ಗೋಡೆಯ ಮೇಲಿನವರು.

ಅವ್ವನ ಕೈ ಮೊರದ ಮೇಲೆ ನಿಂತಿತು. ಗೋಡೆಯ ಫೋಟೊದ ಕಡೆ ನೋಡಿದರು.

“ಸತ್ತವರಿಗಿ ಯಾಕ ಎಳೀತೀರಿ ಅಕ್ಕೋರ? ಅವರು ದೇವರಂಥವರಿದ್ರು. ನನ್ನಿಂದ ಬಂತಂತ ಅನ್ರಿ.”

“ಅಯ್ಯೋ ಇಲ್ಲ ಅವ್ವ, ನಾನು ಹೇಳಿದ್ದು ನಿಮಗಲ್ಲ, ಕೂಸಿನ...” ಎಂದು ಶುರುಮಾಡಿದವಳು ಅಲ್ಲೇ ನಿಂತುಬಿಟ್ಟೆ. ಶರಣಪ್ಪ ಈ ಹೊಟ್ಟೆಯಲ್ಲಿ ಹುಟ್ಟಿದವನು. ಮಹಾದೇವಿಯ ತಾಯಿಯೂ ಇದೇ ಹೊಟ್ಟೆಯಲ್ಲಿ ಹುಟ್ಟಿದವಳು. ಎರಡು ಕಡೆಯಿಂದ ಬಂದು ಕೂಡಿದ ಅರ್ಧಗಳು ಹೊರಟದ್ದು ಹೆಚ್ಚಾಗಿ ಒಂದೇ ಜಾಗದಿಂದ. ಲೈಬ್ರರಿಯಲ್ಲಿ ಅಷ್ಟು ಓದಿದ ನನಗೆ ಅದು ಹೊಳೆದೇ ಇರಲಿಲ್ಲ.

“ಅಲ್ಲ ಅನ್ನಾಕ ಹೋಗಿ ಯಾಕ ನಿಂತ್ರಿ? ಖರೇ ಹೇಳ್ರಿ.”

“ನಿಮ್ಮಿಂದ ಇರಬಹುದು, ಅವರಿಂದ ಇರಬಹುದು. ಯಾರದೂ ತಪ್ಪಲ್ಲ ಅವ್ವ.”

“ಸುವರ್ಣಾಗ?”

“ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಮತ್ತೆ ಇಂಥದೇ ಕೂಸು ಹುಟ್ಟಬಹುದು.”

ಅವ್ವ ಮೊರದಲ್ಲಿದ್ದ ತೊಗರಿಯನ್ನು ಕಡೆಯ ಕಾಳಿನವರೆಗೂ ನೋಡಿ ಮುಗಿಸಿದರು. ಆಮೇಲೆ ತೊಡೆಯ ಮೇಲಿದ್ದ ನೀಲಾಳನ್ನು ಎತ್ತಿ ಮಹಾದೇವಿಯ ಕೈಗೆ ಕೊಟ್ಟರು.

“ಶರಣಾ, ನಾಳಿ ಆಡಕಿಗಿ ಹೋಗಿ ಬಾ. ಸುವರ್ಣಾಗ ಕಳ್ಳುಬಳ್ಳಿ ಇಲ್ಲದ ಮನಿ ನೋಡ್ರಿ ಅಂತ ಹೇಳು. ನೀನೂ ಇನ್ನೊಂದು ಲಗ್ನದ ಮಾತು ತೆಗೀಬ್ಯಾಡ. ಇನ್ನೊಬ್ಬಾಕಿ ಬಂದ್ರ ಈ ಹುಡುಗಿ ಎಲ್ಲಿ ಹೋಗಬೇಕು?”

ಲಗ್ನ ಮುರಿಯಿತು. ಅದರೊಂದಿಗೆ ನನ್ನ ಸಂಜೆಗಳೂ ಮುಗಿದವು. ಯಾರೂ ಬಾಡಿಗೆ ಬಿಡು ಅನ್ನಲಿಲ್ಲ, ಒರಟಾಗಿ ಒಂದು ಮಾತೂ ಆಡಲಿಲ್ಲ. ಒಳಗೆ ಕರೆಯುವುದನ್ನು ಮಾತ್ರ ನಿಲ್ಲಿಸಿದರು. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು, ಪಲ್ಯದ ವಾಸನೆ ಬರುತ್ತಿತ್ತು, ನಾನು ಸೀಮೆಎಣ್ಣೆ ಸ್ಟೋವಿನ ಮೇಲೆ ಅನ್ನ ಬೇಯಿಸಿಕೊಂಡು ಉಪ್ಪಿನಕಾಯಿ ನೆಂಚಿಕೊಂಡು ತಿನ್ನುತ್ತಿದ್ದೆ. ಮೊದಲು ಬಂದಾಗಿನ ಒಂಟಿತನ ಇದರ ಮುಂದೆ ಏನೂ ಅಲ್ಲ. ಆಗ ಯಾರೂ ಗೊತ್ತಿರಲಿಲ್ಲ, ಈಗ ಎಲ್ಲರೂ ಗೊತ್ತಿದ್ದರು. ಒಂದು ಹುಡುಗಿಯನ್ನು ಉಳಿಸಿದೆನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೇ. ಆದರೆ ನಿಜವನ್ನು ಹೊದ್ದುಕೊಂಡು ಮಲಗಲಾಗುತ್ತದೆಯೇ?

ಉಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಹಾದೇವಿಯನ್ನು ಬಾವಿಕಟ್ಟೆಯ ಹತ್ತಿರ ತಡೆದು ನಿಲ್ಲಿಸಿದೆ. “ನಿನಗಾದರೂ ನನ್ನ ಮೇಲೆ ಯಾಕಮ್ಮ ಸಿಟ್ಟು? ಸವತಿ ಬರೋದು ತಪ್ಪಿತಲ್ಲ,” ಅಂದೆ.

ಅವಳು ಕೊಡ ಕೆಳಗಿಟ್ಟಳು. “ಸವತಿ ಅಲ್ಲರಿ ಆಕಿ, ನನ್ನ ತಂಗಿ. ಈ ಕೂಸು ಹ್ವಾದ್ರೂ ಆಕಿ ಇರ್ತಾಳ, ಇಬ್ರೂ ಕೂಡಿ ಅಳ್ತೀವಿ ಅಂದ್ಕೊಂಡಿದ್ದೆ. ಒಬ್ಬಾಕಿನೇ ಇರೋದು ಹ್ಯಾಂಗಿರ್ತದ ಅಂಬೋದು ನಿಮಗ ನಾ ಏನು ಹೇಳಲಿ?” ಕಣ್ಣೊರೆಸಿಕೊಂಡು ಮತ್ತೆ ಅಂದಳು. “ಸುವರ್ಣಾಗ ಛೊಲೋ ಆತು, ಒಪ್ತೀನಿ. ಅವ್ವನ್ನ ನೋಡೀರೇನು? ಅವತ್ತಿನಿಂದ ನೀಲಾಗ ಕೈ ಹಚ್ಚಿಲ್ಲರಿ. ತನ್ನಿಂದ ಬಂದದಂತ. ಮುಟ್ಟಿದ್ರ ಇನ್ನೂ ಹೋಗ್ತದಂತ.”

ಕೋಣೆಯೊಳಗೆ ಕೂತು ನನ್ನ ದುಃಖವನ್ನೇ ನೋಡಿಕೊಂಡಿದ್ದೆ. ಆಚೆ ಅಂಗಳದಲ್ಲಿ ಆ ಮುದುಕಿ ಕೂಸು ಅತ್ತರೆ ಕೈ ಕಟ್ಟಿಕೊಂಡು ಕೂರುತ್ತಿದ್ದರು. ಮುಟ್ಟಿದರೆ ಬರುವುದಲ್ಲವೆಂದು ಹೇಳು ಎಂದು ಮಹಾದೇವಿಗೆ ಅಂದೆ. ಅವಳು ಹೇಳಿದಳಂತೆ, ಶರಣಪ್ಪನೂ ಹೇಳಿದನಂತೆ. ಅವ್ವ ಕೇಳಲಿಲ್ಲ.

ಬೇಸಿಗೆಯ ರಜೆ ಹತ್ತಿರವಾಯಿತು. ನನಗೆ ವಾಪಸು ಮೈಸೂರು ಕಡೆಗೆ ವರ್ಗವೂ ಆಯಿತು. ಅದೇ ವಾರ ಹೈದರಾಬಾದಿನಲ್ಲಿ ರಕ್ತ ಹಾಕಿಸಿಕೊಂಡು ಬಂದಿದ್ದ ನೀಲಾಳ ತುಟಿಗೆ ಮತ್ತೆ ಬಣ್ಣ ಬಂದಿತ್ತು, ಕಾಲಿಗೆ ಕಸುವು ಬಂದಿತ್ತು. ಆ ಕಾಲದಲ್ಲಿ ಅಂಥ ಮಕ್ಕಳು ಎಷ್ಟು ವರ್ಷ ಇರುತ್ತಿದ್ದವೆಂದು ನನಗೆ ಗೊತ್ತಿತ್ತು. ಅದನ್ನು ನಾನು ಆ ಮನೆಯಲ್ಲಿ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಅವತ್ತು ಬೆಳಗಿನ ಬಿಸಿಲಲ್ಲಿ ನಾನು ಕೋಣೆಯ ಬಾಗಿಲಲ್ಲಿ ಪುಸ್ತಕ ಕಟ್ಟುತ್ತಿದ್ದೆ. ಅವ್ವ ಅಂಗಳದ ಆ ಕಡೆ ಕೂತಿದ್ದರು. ನೀಲಾ ಗೋಡೆ ಹಿಡಿದು ಎದ್ದು ನಿಂತಳು. ಗೋಡೆ ಬಿಟ್ಟಳು. ತೂರಾಡುತ್ತ ಮೊದಲ ಹೆಜ್ಜೆಯಿಟ್ಟದ್ದು ಅವ್ವನ ಕಡೆಗೆ. ಅವ್ವ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡರು. ಕೂಸು ಅವರ ಮೊಣಕಾಲ ಮುಂದೆ ಬಂದು, ಹಿಡಿಯಲು ಕೈ ಸಿಗದೆ ಕುಕ್ಕರಿಸಿ ಬಿತ್ತು. ಅಳಲಿಲ್ಲ. ಮೇಲೆ ನೋಡುತ್ತ ಕೂತಿತು.

ಅವ್ವ ಕತ್ತೆತ್ತಿ ನನ್ನನ್ನು ನೋಡಿದರು. ಅಷ್ಟು ದಿನಗಳ ಮೇಲೆ ಮೊದಲ ಸಲ ನನ್ನೊಂದಿಗೆ ಮಾತಾಡಿದರು.

“ಅಕ್ಕೋರ, ಎತ್ತಿಕೊಂಡ್ರ ನನ್ನಿಂದ ಆಕಿಗಿ ಇನ್ನೂ ಏನರೆ ಹೋಗ್ತದೇನ್ರಿ?”

“ಇಲ್ಲ ಅವ್ವ,” ಅಂದೆ. “ಹೋಗೋದೆಲ್ಲ ಅವಳು ಹುಟ್ಟೋ ಮೊದಲೇ ಹೋಗಿಯಾಯ್ತು. ಇನ್ನು ನಿಮ್ಮಿಂದ ಅವಳಿಗೆ ಹೋಗೋದು ಏನೂ ಇಲ್ಲ.”

“ಏನೂ ಇಲ್ಲಂದ್ರ ಹ್ಯಾಂಗರಿ!” ಅಂದರು ಅವ್ವ, ಸಿಟ್ಟಿನಿಂದಲೇ. ಬಾಗಿ ಕೂಸನ್ನು ಬಾಚಿಕೊಂಡು ಎದೆಗೊತ್ತಿಕೊಂಡರು. ಆಮೇಲೆ ದೊಡ್ಡ ದನಿ ತೆಗೆದು ಅತ್ತರು. ಮಹಾದೇವಿ ಒಳಗಿನಿಂದ ಓಡಿ ಬಂದಳು, ಶರಣಪ್ಪ ಬಂದ. “ನಡದಾಳ, ನೀಲಾ ನಡದಾಳ!” ಎಂದು ಅವ್ವ ಅಳುತ್ತಲೇ ಹೇಳಿದರು, ಎಲ್ಲರೂ ಸುತ್ತ ಕೂತರು, ಅಳುವವರು ನಗತೊಡಗಿದರು. ನಾನು ಹಗ್ಗದ ತುದಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಯಾರಾದರೂ ಕರೆಯಬಹುದೆಂದು ಸ್ವಲ್ಪ ಹೊತ್ತು ನಿಂತೆ. ಕರೆದಿದ್ದರೆ ಹೋಗುತ್ತಿದ್ದೆ.